ಹಳೆ ಯುದ್ಧವಿಮಾನವನ್ನು ಹಾರುವಂತೆ ಇಟ್ಟುಕೊಳ್ಳಲು ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ಮಗಳನ್ನು ಕರೆದುಕೊಂಡು ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಮಾರುತ್, ಅಜೀತ್, ಕ್ಯಾನ್‌ಬೆರಾ, ಎಚ್‌ಟಿ-2 ಎಲ್ಲ ನಿಂತಿವೆ. "ಇವನ್ನು ಯಾಕಪ್ಪ ಹಾರಿಸಲ್ಲ? ಇಂಗ್ಲೆಂಡ್, ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ವಿಮಾನಗಳನ್ನೂ ಹಾರಿಸ್ತಾರಲ್ಲ" ಎಂದು ಅವಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಹಳೆ ಯುದ್ಧವಿಮಾನ ಹಾರುತ್ತಾ ಇರಬೇಕಾದರೆ ಎಷ್ಟು ಖರ್ಚು ಬರುತ್ತದೆ? ಪೆಟ್ರೋಲಿಗೇ ಜಾಸ್ತಿ ಹೋಗುತ್ತದೆಯೇ? ನಮ್ಮ ಮಾರುತ್ ಮತ್ತೆ ಹಾರಬಹುದೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹೆಚ್ಚಿನವರು ಅಲ್ಲೇ ದಾರಿ ತಪ್ಪುತ್ತಾರೆ. ಪೆಟ್ರೋಲಿಗೆ ಜಾಸ್ತಿ ಹೋಗುವುದಿಲ್ಲ. ದುಡ್ಡು ಹೋಗುವುದು ವಿಮಾನ ನೆಲದ ಮೇಲೆ ನಿಂತಿರುವಾಗ. ನಮ್ಮ ಊರುಗಳ ತೇರನ್ನು ನೆನಪಿಸಿಕೊಳ್ಳಿ. ಎಳೆಯುವುದು ವರ್ಷಕ್ಕೆ ಒಂದು ದಿನ. ಆದರೆ ತೇರಿನ ಮನೆ, ಮಿಣಿ, ಗಾಲಿ ನೋಡಿಕೊಳ್ಳುವ ಬಡಗಿ, ಇದೆಲ್ಲ ವರ್ಷಪೂರ್ತಿ ಬೇಕು. ಹಳೆ ಯುದ್ಧವಿಮಾನದ ಖರ್ಚೂ ಹೀಗೆಯೇ.

ಬಾಯಿಮಾತು ಬಿಟ್ಟು ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಅಮೆರಿಕದ ಪಿ-51 ಮಸ್ಟಾಂಗ್ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದ, ಒಬ್ಬನೇ ಪೈಲಟ್ ಕೂರುವ ಫೈಟರ್. ಆ ಕಾಲದ ಫೈಟರ್‌ಗಳಲ್ಲಿ ಇವತ್ತು ಅತಿ ಹೆಚ್ಚು ಹಾರುತ್ತಿರುವುದು ಇದೇ. ಹಾಗಾಗಿ ಇದರ ಖರ್ಚು ಎಷ್ಟು ಎನ್ನುವುದು ಈ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತು. ಎಂಜಿನ್ ರೋಲ್ಸ್ ರಾಯ್ಸ್ ಮರ್ಲಿನ್. ಅಮೆರಿಕದ ಪ್ಯಾಕಾರ್ಡ್ ಕಂಪನಿ ಲೈಸೆನ್ಸ್ ಪಡೆದು ತಯಾರಿಸಿದ್ದು. ಹನ್ನೆರಡು ಸಿಲಿಂಡರ್, 27 ಲೀಟರ್ ಸಾಮರ್ಥ್ಯ. ಆರಾಮವಾಗಿ ಹಾರಿಸಿದರೂ ಗಂಟೆಗೆ ಸುಮಾರು 60 ಗ್ಯಾಲನ್ ಕುಡಿಯುತ್ತದೆ, ಅಂದರೆ 230 ಲೀಟರಿನಷ್ಟು. ಗ್ಯಾಲನ್‌ಗೆ ಆರು ಡಾಲರ್ ಹಿಡಿದರೆ ಗಂಟೆಗೆ 360 ಡಾಲರ್. ಡಾಲರಿಗೆ 85 ರೂಪಾಯಿ ಎಂದುಕೊಂಡರೆ ಸುಮಾರು 30 ಸಾವಿರ ರೂಪಾಯಿ.

ಇದೇನು ಕಡಿಮೆ ದುಡ್ಡಲ್ಲ, ನಿಜ. ಆದರೆ ಮುಂದೆ ನೋಡಿ.

ಮರ್ಲಿನ್ ಎಂಜಿನ್ನನ್ನು ಸಾಮಾನ್ಯವಾಗಿ 500 ಗಂಟೆಯ ಆಸುಪಾಸಿನಲ್ಲಿ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಒಳ್ಳೆಯ ಕಡೆ ಮಾಡಿಸಿದರೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಡಾಲರ್, ಕೆಲವೊಮ್ಮೆ ಅದಕ್ಕೂ ಮೇಲೆ. ಎರಡು ಲಕ್ಷವೇ ಹಿಡಿಯೋಣ. 500 ಗಂಟೆಗೆ ಹಂಚಿದರೆ ಗಂಟೆಗೆ 400 ಡಾಲರ್. ಅಂದರೆ ಎಂಜಿನ್ ಓಡಿದ ಪ್ರತಿ ಗಂಟೆಗೆ ಪೆಟ್ರೋಲಿನಷ್ಟೇ ದುಡ್ಡು, ಇನ್ನೂ ಸ್ವಲ್ಪ ಜಾಸ್ತಿಯೇ, ಪಕ್ಕಕ್ಕೆ ಎತ್ತಿಡಬೇಕು. ಹಾಗೆ ಎತ್ತಿಡದವರು ಎಂಟೊಂಬತ್ತು ವರ್ಷ ಹಾಯಾಗಿ ಹಾರಿಸುತ್ತಾರೆ. ಆಮೇಲೆ ಒಂದು ದಿನ ವಿಮಾನ ಮಾರಾಟಕ್ಕೆ ಬರುತ್ತದೆ. ಆಯಿಲ್, ಸ್ಪಾರ್ಕ್ ಪ್ಲಗ್, ಟೈರು, ಬ್ರೇಕು ಅಂತ ಇನ್ನೊಂದು ನೂರೈವತ್ತು ಡಾಲರ್ ಸೇರಿಸಿ. ಒಟ್ಟಿಗೆ ಗಂಟೆಗೆ 900 ಡಾಲರಿನಷ್ಟಾಯಿತು. ಇಷ್ಟು ಹಾರಿದರೆ ಮಾತ್ರ ಬರುವ ಖರ್ಚು.

ಈಗ ಹಾರದಿದ್ದರೂ ಬರುವ ಖರ್ಚು. ಇಂಥ ಮಸ್ಟಾಂಗ್‌ನ ಬೆಲೆ ಎರಡು ಮಿಲಿಯನ್ ಡಾಲರ್ ದಾಟಿದೆ. ವಿಮೆ ಶೇಕಡಾ ಎರಡು ಎಂದು ಹಿಡಿದರೂ ವರ್ಷಕ್ಕೆ 40 ಸಾವಿರ ಡಾಲರ್. ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ. ಮುಚ್ಚಳಗಳನ್ನೆಲ್ಲ ಬಿಚ್ಚಿ, ಕೇಬಲ್, ಕೀಲು, ಪೈಪು ಒಂದೊಂದನ್ನೇ ನೋಡಿ, ಸಿಕ್ಕ ತೊಂದರೆ ಸರಿಮಾಡಿ ಮುಚ್ಚಬೇಕು. ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ ಬಾಡಿಗೆ ಇದೆ. ಪೈಲಟ್‌ನ ಅಭ್ಯಾಸ ಮತ್ತು ಪರೀಕ್ಷೆ ಇದೆ. ಇದಕ್ಕೆಲ್ಲ ಇನ್ನೊಂದು 40 ಸಾವಿರ ಇಟ್ಟುಕೊಳ್ಳಿ. ಒಟ್ಟು 80 ಸಾವಿರ ಡಾಲರ್.

ಮಾಲೀಕರು ವರ್ಷಕ್ಕೆ 40 ಗಂಟೆ ಹಾರಿಸಿದರೆ ಈ 80 ಸಾವಿರ ಗಂಟೆಗೆ 2,000 ಡಾಲರ್ ಆಗುತ್ತದೆ. ಮೇಲಿನ 900 ಸೇರಿ 2,900. ಸುಮಾರು ಎರಡೂವರೆ ಲಕ್ಷ ರೂಪಾಯಿ. ಇದರಲ್ಲಿ ಪೆಟ್ರೋಲಿನ ಪಾಲು ಎಂಟರಲ್ಲಿ ಒಂದು ಅಷ್ಟೇ. ಅದೇ ವಿಮಾನ ನೂರು ಗಂಟೆ ಹಾರಿದರೆ? ಗಂಟೆಗೆ 1,700ಕ್ಕೆ ಇಳಿಯುತ್ತದೆ. ಕಡಿಮೆ ಹಾರಿಸಿ ದುಡ್ಡು ಉಳಿಸುತ್ತೇನೆ ಎಂದು ಹೊರಟರೆ ಪ್ರತಿ ಗಂಟೆಯ ಬೆಲೆ ಏರುತ್ತಾ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಂತ ಎಂಜಿನ್ ಒಳಗಿಂದ ತುಕ್ಕು ಹಿಡಿಯುತ್ತದೆ. ಸೀಲುಗಳು ಒಣಗಿ ಬಿರಿಯುತ್ತವೆ. ವರ್ಷಗಟ್ಟಲೆ ನಿಂತಿದ್ದ ಎಂಜಿನ್ನನ್ನು "ಇನ್ನೂ ಮುನ್ನೂರು ಗಂಟೆ ಬಾಕಿ ಇದೆ" ಎಂದು ಲಾಗ್‌ಬುಕ್ ತೋರಿಸಿ ಮಾರುವವರು ಇದ್ದಾರೆ. ಎಂಜಿನ್ ಕೆಲಸ ಮಾಡಿದ ಯಾರೂ ಆ ಮುನ್ನೂರನ್ನು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಇನ್ನು ದೊಡ್ಡ ಬಾಂಬರ್ ವಿಷಯ. ಇಲ್ಲಿ ನಮ್ಮ ಬೆಂಗಳೂರಿನ ಕತೆಯೇ ಇದೆ. ಇದನ್ನು ನಿಮ್ಮ ಮಗಳಿಗೆ ಖಂಡಿತ ಹೇಳಿ.

ಬಿ-24 ಲಿಬರೇಟರ್ ಅಮೆರಿಕದ ನಾಲ್ಕು ಎಂಜಿನ್ನಿನ ಬಾಂಬರ್. ಯುದ್ಧದ ಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಯಿತು. ಮತ್ತೆ ಹಾರಬಾರದು ಎಂದು ಬೇಕಂತಲೇ ಕೆಡಿಸಿ ಬಿಟ್ಟುಹೋಗಿದ್ದರು. ನಮ್ಮವರು ಆ ಗುಜರಿಯಿಂದ ಆರಿಸಿ, ಅಲ್ಲೇ ಒಂದಿಷ್ಟು ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವನ್ನು ಪೂರ್ತಿ ಸರಿಮಾಡಲಾಯಿತು. 1948ರಿಂದ ಭಾರತೀಯ ವಾಯುಪಡೆ ಅವನ್ನು ಹಾರಿಸಿತು, 1968ರವರೆಗೆ. ಬೇರೆ ದೇಶಗಳಲ್ಲಿ ಲಿಬರೇಟರ್‌ಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿದ್ದರು. ಹಾಗಾಗಿ ಮ್ಯೂಸಿಯಂಗಳಿಗೆ ಒಂದು ಲಿಬರೇಟರ್ ಬೇಕೆಂದಾಗ ಬ್ರಿಟನ್, ಕೆನಡಾ, ಅಮೆರಿಕ ಮೂರೂ ಭಾರತದ ಕಡೆ ನೋಡಬೇಕಾಯಿತು. ಇವತ್ತು ಆ ದೇಶಗಳ ಮ್ಯೂಸಿಯಂಗಳಲ್ಲಿ ನಿಂತಿರುವ ಕೆಲವು ಲಿಬರೇಟರ್‌ಗಳು ನಮ್ಮ ಕಾರ್ಖಾನೆಯ ಕೈಯಲ್ಲಿ ಬದುಕಿದವು.

ಅವುಗಳಲ್ಲಿ ಒಂದು 1968ರ ನಂತರ ಹದಿಮೂರು ವರ್ಷ ಭಾರತದಲ್ಲೇ ಬಿಸಿಲು ಮಳೆಗೆ ಬಿದ್ದಿತ್ತು. 1981ರಲ್ಲಿ ಡಗ್ ಆರ್ನಲ್ಡ್ ಎಂಬ ಬ್ರಿಟಿಷ್ ಸಂಗ್ರಾಹಕರು ಅದನ್ನು ಕೊಂಡು, ಬಿಚ್ಚಿ, ಸರಕು ವಿಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೊಂಡಿತು. ಬರೀ ಮ್ಯೂಸಿಯಂನಲ್ಲಿ ಇಡುವ ಯೋಚನೆ ಮೊದಲಿತ್ತು, ಆಮೇಲೆ ಹಾರಿಸಿಯೇ ಬಿಡೋಣ ಎಂದು ತೀರ್ಮಾನಿಸಿದರು. ಆ ಒಂದು ತೀರ್ಮಾನಕ್ಕೆ ವಿಮಾನದ ಬಹುಪಾಲನ್ನು ಬಿಚ್ಚಬೇಕಾಯಿತು. ಲಕ್ಷಗಟ್ಟಲೆ ರಿವಿಟ್ ಹೊಸದಾಗಿ ಹೊಡೆಯಬೇಕಾಯಿತು. ಹೈಡ್ರಾಲಿಕ್, ವೈರಿಂಗ್, ಕಂಟ್ರೋಲ್ ಕೇಬಲ್ ಎಲ್ಲ ಹೊಸದು. 1989ರಲ್ಲಿ ಅದು ಮತ್ತೆ ಹಾರಿತು.

ನಿಲ್ಲಿಸಿ ತೋರಿಸುವುದಕ್ಕೂ ಹಾರಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಮ್ಯೂಸಿಯಂಗೆ ಹೊರಮೈ ಚೆನ್ನಾಗಿದ್ದರೆ ಸಾಕು. ಹಾರಿಸುವವನಿಗೆ ರೆಕ್ಕೆಯ ಒಳಗಿನ ಸ್ಪಾರ್, ಅಂದರೆ ರೆಕ್ಕೆಯ ಭಾರ ಹೊರುವ ತೊಲೆ, ಎಲ್ಲಾದರೂ ತುಕ್ಕು ಹಿಡಿದಿದೆಯೇ, ಕೂದಲೆಳೆಯ ಬಿರುಕು ಬಿಟ್ಟಿದೆಯೇ ಎಂದು ಗೊತ್ತಿರಬೇಕು. ಅದನ್ನು ತಿಳಿಯಲು ಎಕ್ಸ್‌ರೇ ಬೇಕು, ಅಲ್ಟ್ರಾಸೌಂಡ್ ಬೇಕು, ಎಷ್ಟೋ ಸಲ ರೆಕ್ಕೆಯನ್ನೇ ಬಿಚ್ಚಬೇಕು.

ಲಿಬರೇಟರ್‌ನ ಎಂಜಿನ್ ಪ್ರಾಟ್ ಅಂಡ್ ವಿಟ್ನಿ ಆರ್-1830. ಒಂದೊಂದೂ 1,200 ಕುದುರೆಶಕ್ತಿ, 14 ಸಿಲಿಂಡರ್. ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಒಂದು ವಿಮಾನಕ್ಕೆ 112 ಪ್ಲಗ್. ಇವನ್ನು ಆಗಾಗ ಬಿಚ್ಚಿ, ತೊಳೆದು, ಕಿಡಿ ಹಾರುವ ತುದಿಗಳ ನಡುವಿನ ಗ್ಯಾಪ್ ಅಳೆದು, ಪರೀಕ್ಷೆ ಮಾಡಿ ಹಾಕಬೇಕು. ಒಂದು ಪ್ಲಗ್‌ಗೆ ಹದಿನೈದು ನಿಮಿಷ ಹಿಡಿದರೂ 28 ಗಂಟೆಯ ಕೆಲಸ. ನುರಿತ ಇಬ್ಬರು ಎರಡು ದಿನ ಬೇರೇನೂ ಮಾಡದೆ ಇದನ್ನೇ ಮಾಡಬೇಕು. ಇಂಥ ನೂರು ಕೆಲಸಗಳಿವೆ. ಪೆಟ್ರೋಲು ನಾಲ್ಕೂ ಎಂಜಿನ್ ಸೇರಿ ಗಂಟೆಗೆ ಸುಮಾರು 200 ಗ್ಯಾಲನ್.

ಈ ಖರ್ಚನ್ನು ಕಾಲಿಂಗ್ಸ್ ಹೇಗೆ ತೂಗಿಸುತ್ತಿತ್ತು? ಊರೂರು ತಿರುಗಿ, ಜನರನ್ನು ಹತ್ತಿಸಿಕೊಂಡು. ಬಿ-24 ಅಥವಾ ಬಿ-17ರಲ್ಲಿ (ಅದೂ ಆ ಕಾಲದ ನಾಲ್ಕು ಎಂಜಿನ್ನಿನ ಬಾಂಬರ್) ಅರ್ಧ ಗಂಟೆ ಹಾರಲು ಒಬ್ಬರಿಗೆ 450 ಡಾಲರ್. ಹತ್ತು ಜನ ಹತ್ತಿದರೆ 4,500. ಎರಡು ಸೀಟಿನ ಮಸ್ಟಾಂಗ್‌ನಲ್ಲಿ ಅರ್ಧ ಗಂಟೆಗೆ 2,200, ಒಂದು ಗಂಟೆಗೆ 3,200 ಡಾಲರ್. ನಾನು ಮೇಲೆ ಹಾಕಿದ ಮಸ್ಟಾಂಗ್ ಲೆಕ್ಕದ ಪಕ್ಕ ಈ ದರ ಇಟ್ಟು ನೋಡಿ. ದುಬಾರಿ ಅನ್ನಿಸುವ ಟಿಕೆಟ್ಟಿನಲ್ಲೂ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ.

ಆಮೇಲೆ 2019ರ ಅಕ್ಟೋಬರ್ 2 ಬಂತು. ಕನೆಕ್ಟಿಕಟ್‌ನ ಬ್ರಾಡ್ಲಿ ವಿಮಾನ ನಿಲ್ದಾಣದಲ್ಲಿ ಕಾಲಿಂಗ್ಸ್‌ನ ಬಿ-17 "ನೈನ್-ಓ-ನೈನ್" ಮೇಲೇರಿದ ಕೆಲವೇ ನಿಮಿಷಕ್ಕೆ ಎಂಜಿನ್ ತೊಂದರೆಯಿಂದ ಹಿಂತಿರುಗಿ, ಇಳಿಯುವಾಗ ಅಪಘಾತಕ್ಕೀಡಾಯಿತು. ಹದಿಮೂರು ಜನರಲ್ಲಿ ಏಳು ಜನ ಸತ್ತರು. ಇಬ್ಬರು ಪೈಲಟ್‌ಗಳು, ಐವರು ಪ್ರಯಾಣಿಕರು. ತನಿಖೆಯಲ್ಲಿ ಬಲಗಡೆಯ ಎರಡೂ ಎಂಜಿನ್‌ಗಳ ಸ್ಪಾರ್ಕ್ ಪ್ಲಗ್‌ಗಳ ಗ್ಯಾಪ್ ಮಿತಿ ಮೀರಿತ್ತು ಎಂದು ಗೊತ್ತಾಯಿತು. ಮ್ಯಾಗ್ನೆಟೋ ಎಂದರೆ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ. ಒಂದು ಎಂಜಿನ್ನಿನ ಎರಡು ಮ್ಯಾಗ್ನೆಟೋಗಳಲ್ಲಿ ಒಂದರ ತಂತಿ ಜಾಗ ಬಿಟ್ಟು ಲೋಹಕ್ಕೆ ತಾಗುತ್ತಿತ್ತು. ಇನ್ನೊಂದು ಸರಿಯಾಗಿ ಕಿಡಿ ಕೊಡುತ್ತಿರಲಿಲ್ಲ. ಪೈಲಟ್‌ನ ನಿರ್ಧಾರಗಳ ಜೊತೆಗೆ ಸಾಲದ ನಿರ್ವಹಣೆಯೂ ಕಾರಣ ಎಂದು ತನಿಖಾ ಮಂಡಳಿ ಹೇಳಿತು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಆ ಸಂಸ್ಥೆಗೆ ಜನರನ್ನು ದುಡ್ಡಿಗೆ ಹತ್ತಿಸಿಕೊಳ್ಳುವ ಅನುಮತಿಯನ್ನು ರದ್ದು ಮಾಡಿತು. ಊರೂರು ತಿರುಗುವುದು ನಿಂತಿತು.

ಪ್ಲಗ್ ಗ್ಯಾಪ್ ಅಳೆಯುವ ಆ 28 ಗಂಟೆಯ ಕೆಲಸವನ್ನು ನಾನು ಅಷ್ಟು ಬಿಡಿಸಿ ಹೇಳಿದ್ದು ಇದಕ್ಕೇ. ಖರ್ಚು ಕಡಿಮೆ ಮಾಡಬೇಕು ಎಂದಾಗ ಮೊದಲು ಕತ್ತರಿ ಬೀಳುವುದು ಹೊರಗಿನವರಿಗೆ ಕಾಣದ ಇಂಥ ಕೆಲಸಕ್ಕೆ. ವಿಮೆ ಕತ್ತರಿಸಲು ಆಗುವುದಿಲ್ಲ, ಹ್ಯಾಂಗರ್ ಬಾಡಿಗೆ ಕತ್ತರಿಸಲು ಆಗುವುದಿಲ್ಲ. ಮೆಕ್ಯಾನಿಕ್‌ನ ಸಮಯ ಕತ್ತರಿಸಬಹುದು. ಹಾಗೆ ಕತ್ತರಿಸಲೇಬಾರದು. ಯಾರಾದರೂ ಹಳೆ ವಿಮಾನಕ್ಕೆ ದೇಣಿಗೆ ಕೊಡುತ್ತೇನೆ ಎಂದು ನನ್ನನ್ನು ಕೇಳಿದರೆ, ಬಣ್ಣಕ್ಕೆ ಕೊಡಬೇಡಿ, ಮೆಕ್ಯಾನಿಕ್‌ನ ಸಂಬಳಕ್ಕೆ ಕೊಡಿ ಎನ್ನುತ್ತೇನೆ.

ಇಷ್ಟು ಪಿಸ್ಟನ್ ಎಂಜಿನ್ನಿನ ಮಾತು. ಜೆಟ್ ಬಾಂಬರ್ ಹಾರಿಸಲು ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ವಲ್ಕನ್ ಎಕ್ಸ್‌ಎಚ್558 ಇದೆ. ಅಗಲವಾದ ತ್ರಿಕೋನದ ರೆಕ್ಕೆ, ನಾಲ್ಕು ಒಲಿಂಪಸ್ ಎಂಜಿನ್. 1960ರಲ್ಲಿ ವಾಯುಪಡೆ ಸೇರಿದ್ದು, 1993ರಲ್ಲಿ ನಿವೃತ್ತಿ. ಅದನ್ನು ಮತ್ತೆ ಹಾರಿಸಬೇಕೆಂದು ಒಂದು ಟ್ರಸ್ಟ್ ಹೊರಟಿತು. ರಿಪೇರಿಗೇ 70 ಲಕ್ಷ ಪೌಂಡ್ ಮುಟ್ಟಿತು. ಅದರಲ್ಲಿ 27 ಲಕ್ಷಕ್ಕೂ ಹೆಚ್ಚು ಲಾಟರಿ ನಿಧಿಯ ಅನುದಾನ. 2006ರಲ್ಲಿ ಹಣ ಪೂರ್ತಿ ಬತ್ತಿ, ಕೆಲಸಗಾರರನ್ನು ಮನೆಗೆ ಕಳಿಸುವ ಹಂತಕ್ಕೆ ಬಂದಾಗ ಜ್ಯಾಕ್ ಹೇವರ್ಡ್ ಎಂಬ ದಾನಿ ಐದು ಲಕ್ಷ ಪೌಂಡ್ ಕೊಟ್ಟು ಉಳಿಸಿದರು. ಉಳಿದದ್ದು ಸಾವಿರಾರು ಸಾಮಾನ್ಯ ಜನ ಐದು, ಹತ್ತು, ಇಪ್ಪತ್ತು ಪೌಂಡ್ ಕಳಿಸಿ ತುಂಬಿದ್ದು. 2007ರ ಅಕ್ಟೋಬರ್ 18ರಂದು ವಲ್ಕನ್ ಮತ್ತೆ ಹಾರಿತು.

ಹಾರಿದ ಮೇಲೆ ವರ್ಷಕ್ಕೆ ಸುಮಾರು 20 ಲಕ್ಷ ಪೌಂಡ್ ಬೇಕಾಗುತ್ತಿತ್ತು. ಅವತ್ತಿನ ದರದಲ್ಲಿ ಹತ್ತಿರ ಹತ್ತಿರ 20 ಕೋಟಿ ರೂಪಾಯಿ. ಒಂದು ವರ್ಷದಲ್ಲಿ 50 ಗಂಟೆ ಹಾರಿತು ಎಂದುಕೊಂಡರೆ ಗಂಟೆಗೆ 40 ಸಾವಿರ ಪೌಂಡ್, ಅಂದರೆ 40 ಲಕ್ಷ ರೂಪಾಯಿ. ನಾಲ್ಕು ಒಲಿಂಪಸ್ ಎಂಜಿನ್‌ಗಳು ಇಂಧನವನ್ನು ಸುರಿದಂತೆ ಕುಡಿಯುತ್ತವೆ. ಆದರೂ ಈ 40 ಲಕ್ಷದಲ್ಲಿ ಇಂಧನದ್ದು ದೊಡ್ಡ ಪಾಲಲ್ಲ.

ಹಾಗಾದರೆ ಎಲ್ಲಿ ಹೋಯಿತು? ಮುಖ್ಯವಾಗಿ ಜನಕ್ಕೆ ಮತ್ತು ಕಾಗದಕ್ಕೆ. ಬ್ರಿಟನ್ನಿನ ನಿಯಮದಲ್ಲಿ ವಲ್ಕನ್ "ಕಾಂಪ್ಲೆಕ್ಸ್" ವರ್ಗದ್ದು. ಅಂಥ ವಿಮಾನವನ್ನು ಖಾಸಗಿಯವರು ಹಾರಿಸಬೇಕಾದರೆ ಅದರ ವಿನ್ಯಾಸ ಬಲ್ಲ ಕಂಪನಿಗಳು ಹಿಂದೆ ನಿಂತು ಜವಾಬ್ದಾರಿ ಹೊರಬೇಕು. ಬಿಎಇ ಸಿಸ್ಟಮ್ಸ್, ರೋಲ್ಸ್ ರಾಯ್ಸ್, ಮಾರ್ಷಲ್ ಏರೋಸ್ಪೇಸ್ ಮೂರೂ ನಿಂತವು. ಯಾವ ಭಾಗ ಎಲ್ಲಿಂದ ಬಂತು, ಎಷ್ಟು ಗಂಟೆ ಓಡಿದೆ, ಯಾರು ಜೋಡಿಸಿದರು, ಯಾರು ನೋಡಿ ಸಹಿ ಹಾಕಿದರು, ಎಲ್ಲಕ್ಕೂ ದಾಖಲೆ ಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಪಂಪ್ ಕೈಯಲ್ಲೇ ಇದ್ದರೂ ಅದರ ಕಾಗದ ಇಲ್ಲದಿದ್ದರೆ ಅದು ಗುಜರಿ. ಹೊರಗಿನವರಿಗೆ ಇದು ಹಟ ಅನ್ನಿಸಬಹುದು. ಆದರೆ ಈ ಕಾಗದವೇ ಸುರಕ್ಷತೆ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಎಂಜಿನ್‌ಗಳದ್ದು ಇನ್ನೊಂದು ಚಿಂತೆ. ಒಮ್ಮೆಯೂ ಬಳಸದೆ ಪ್ಯಾಕ್ ಮಾಡಿಟ್ಟಿದ್ದ ಎಂಟು ಒಲಿಂಪಸ್ ಎಂಜಿನ್‌ಗಳು ಟ್ರಸ್ಟಿನ ಬಳಿ ಇದ್ದವು. ಅವು ಮುಗಿದರೆ ಮತ್ತೆ ಇಲ್ಲ. ಎಂಜಿನ್ ಎಷ್ಟು ಗಂಟೆ ಓಡಿತು ಎನ್ನುವುದು ಮಾತ್ರವಲ್ಲ, ಥ್ರಾಟಲ್ (ಎಂಜಿನ್ನಿನ ಬಲ ಏರಿಸಿ ಇಳಿಸುವ ಹಿಡಿ) ಎಷ್ಟು ಸಲ ಏರಿಳಿಯಿತು ಎನ್ನುವುದೂ ಅದರ ಆಯಸ್ಸನ್ನು ತಿನ್ನುತ್ತದೆ. ಹಾಗಾಗಿ ಪೈಲಟ್‌ಗಳು ಪ್ರದರ್ಶನದಲ್ಲಿ ಥ್ರಾಟಲ್ ಅನ್ನು ಬಹಳ ಎಚ್ಚರದಿಂದ ಬಳಸುತ್ತಿದ್ದರು. 2012ರ ಮೇ ತಿಂಗಳಲ್ಲಿ ಡಾಂಕಾಸ್ಟರ್‌ನಲ್ಲಿ ಟೇಕಾಫ್‌ಗೆ ಓಡುವಾಗ, ತೇವ ಹೀರಲು ಒಳಗಿಟ್ಟಿದ್ದ ಸಿಲಿಕಾ ಜೆಲ್ ಚೀಲಗಳು ಒಂದು ಎಂಜಿನ್ನಿನೊಳಗೆ ಹೋದವು. ಅದು ಒಡೆದು, ಚೂರುಗಳು ಪಕ್ಕದ ಎಂಜಿನ್ನಿಗೂ ಹೋದವು. ಕ್ಷಣಮಾತ್ರದಲ್ಲಿ ಎರಡು ಎಂಜಿನ್ ಹಾಳು. ಆ ವಸ್ತುವಿಗೆ ಮಾರುಕಟ್ಟೆಯೇ ಇಲ್ಲದಿರುವಾಗ ಈ ನಷ್ಟಕ್ಕೆ ಏನು ಬೆಲೆ ಕಟ್ಟುತ್ತೀರಿ?

ವಲ್ಕನ್ ಕೊನೆಯ ಸಲ ಹಾರಿದ್ದು 2015ರ ಅಕ್ಟೋಬರ್ 28. ಆಗಲೂ ಜನ ದುಡ್ಡು ಕೊಡುತ್ತಲೇ ಇದ್ದರು. ಆದರೆ ಆ ಮೂರು ಕಂಪನಿಗಳು ಇನ್ನು ಬೆಂಬಲ ಕೊಡಲು ಆಗದು ಎಂದವು. ಬೇರೆ ಯಾವ ವಲ್ಕನ್ ಕೂಡ ಅಷ್ಟು ಗಂಟೆ ಹಾರಿರಲಿಲ್ಲ. ಅದರ ಒಳಹೊರಗು ಬಲ್ಲ ಎಂಜಿನಿಯರ್‌ಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ದುಡ್ಡು ಕೂಡಿಸಬಹುದು, ಮೂವತ್ತು ವರ್ಷದ ಅನುಭವವನ್ನು ಕೂಡಿಸಲು ಆಗುವುದಿಲ್ಲ ಅಲ್ವಾ?

ಅದೇ ವರ್ಷ ಆಗಸ್ಟ್ 22ರಂದು ಶೋರ್‌ಹ್ಯಾಮ್ ಏರ್‌ಶೋನಲ್ಲಿ ಒಂದು ಹಳೆ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು ಹನ್ನೊಂದು ಜನ ಸತ್ತಿದ್ದರು. ವಿಮಾನದಲ್ಲಿದ್ದವರಲ್ಲ, ದಾರಿಯಲ್ಲಿದ್ದವರು. ಅಲ್ಲಿಂದ ಬ್ರಿಟನ್ನಿನಲ್ಲಿ ಹಳೆ ಜೆಟ್‌ಗಳು ಸಮುದ್ರ ಬಿಟ್ಟು ನೆಲದ ಮೇಲೆ ಹಾರುವಾಗ ಏನು ಮಾಡಬಹುದು, ಏನು ಮಾಡಬಾರದು ಎನ್ನುವ ನಿಯಮಗಳು ಬಿಗಿಯಾದವು. ಆ ಹಂಟರ್‌ನ ಎಜೆಕ್ಷನ್ ಸೀಟಿನ, ಅಂದರೆ ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟಿನ, ಸಿಡಿಮದ್ದಿನ ಕಾಟ್ರಿಜ್‌ಗಳ ಅವಧಿ ಮುಗಿದಿತ್ತು ಎನ್ನುವುದೂ ತನಿಖೆಯಲ್ಲಿ ಹೊರಬಂತು. ಎಜೆಕ್ಷನ್ ಸೀಟ್ ಇರುವ ಯಾವುದೇ ಹಳೆ ಜೆಟ್‌ಗೆ ಇದು ತಪ್ಪದ ಖರ್ಚು. ವಿಮಾನ ಹಾರಲಿ ಬಿಡಲಿ, ಆ ಕಾಟ್ರಿಜ್‌ಗೆ ತಾರೀಕು ಮುಗಿಯುತ್ತದೆ. ಹೊಸದು ತಯಾರಿಸುವವರು ಇರಬೇಕು, ಹಾಕಲು ಬಲ್ಲವರು ಇರಬೇಕು.

ಸರಕಾರವೇ ಹಾರಿಸಿದರೆ? ಹಾಗೂ ಇದೆ. ಬ್ರಿಟಿಷ್ ವಾಯುಪಡೆಯ ಬ್ಯಾಟಲ್ ಆಫ್ ಬ್ರಿಟನ್ ಮೆಮೋರಿಯಲ್ ಫ್ಲೈಟ್ ಕಾನಿಂಗ್ಸ್‌ಬಿಯಲ್ಲಿ ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್‌ಗಳನ್ನು ಇಟ್ಟುಕೊಂಡಿದೆ. ಪ್ರಪಂಚದಲ್ಲಿ ಹಾರಬಲ್ಲ ಲ್ಯಾಂಕಾಸ್ಟರ್ ಇರುವುದು ಎರಡೇ. ಒಂದು ಅಲ್ಲಿ, ಇನ್ನೊಂದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ವಾಯುಪಡೆಯ ಕೈಯಲ್ಲಿದ್ದಾಗ ಪೈಲಟ್, ತಂತ್ರಜ್ಞ, ಹ್ಯಾಂಗರ್, ಭದ್ರತೆ ಎಲ್ಲ ಇದ್ದ ವ್ಯವಸ್ಥೆಯೊಳಗೇ ಬರುತ್ತವೆ. ಖರ್ಚು ಇಲ್ಲ ಅಂತಲ್ಲ. ಬೇರೆ ಬೇರೆ ಲೆಕ್ಕದಲ್ಲಿ ಹಂಚಿಹೋಗಿರುತ್ತದೆ, ಅಷ್ಟೇ.

ನಮ್ಮಲ್ಲೂ ಅಂಥದ್ದೊಂದು ಇದೆ. ಭಾರತೀಯ ವಾಯುಪಡೆಯ ವಿಂಟೇಜ್ ವಿಮಾನಗಳ ತಂಡದಲ್ಲಿ ಟೈಗರ್ ಮಾತ್ ಇದೆ, ಹಾರ್ವರ್ಡ್ ಇದೆ. 2018ರಿಂದ ಡಕೋಟ ಎಂಬ ಹಳೆ ಸಾಗಣೆ ವಿಮಾನವೂ ಒಂದು ಇದೆ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ತಮ್ಮ ಖರ್ಚಿನಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ವಿಮಾನದ ಹೆಸರು ಪರಶುರಾಮ, ನಂಬರ್ ವಿಪಿ905. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಇಳಿಸಿದ ಡಕೋಟದ ನೆನಪಿಗೆ ಇಟ್ಟ ನಂಬರ್ ಅದು. ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಿಂದ ಹೊರಟು, ಅಲ್ಲಲ್ಲಿ ಇಳಿದು ಏರಿ, ಜಾಮ್‌ನಗರ ಮುಟ್ಟಿ, ಮೇ 4ರಂದು ಹಿಂಡನ್ ವಾಯುನೆಲೆಯಲ್ಲಿ ವಾಯುಪಡೆ ಸೇರಿತು.

ಡಕೋಟವನ್ನು ಆರಿಸಿಕೊಂಡದ್ದು ಖರ್ಚಿನ ದೃಷ್ಟಿಯಿಂದಲೂ ಜಾಣತನ. ಅದರ ಎಂಜಿನ್ ಕೂಡ ಲಿಬರೇಟರ್‌ನ ಅದೇ ಆರ್-1830 ಜಾತಿಯದ್ದು. ಆ ಎಂಜಿನ್‌ಗಳು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಬೇರೆ ಯಾವ ಪಿಸ್ಟನ್ ವಿಮಾನ ಎಂಜಿನ್ನೂ ಇಷ್ಟು ತಯಾರಾಗಿಲ್ಲ. ಯಾವ ವಿಮಾನ ಹಾರುತ್ತಾ ಉಳಿಯುತ್ತದೆ ಎಂದು ತಿಳಿಯಬೇಕಾದರೆ, ಎಷ್ಟು ಚೆಂದ ಇತ್ತು, ಎಷ್ಟು ಯುದ್ಧ ಗೆದ್ದಿತು ಎಂದು ನೋಡಬೇಡಿ. ಅದರ ಎಂಜಿನ್ ಎಷ್ಟು ತಯಾರಾಯಿತು ಎಂದು ನೋಡಿ. ಮರ್ಲಿನ್ ಎಂಜಿನ್ ಒಂದೂವರೆ ಲಕ್ಷದಷ್ಟು ತಯಾರಾದ್ದರಿಂದಲೇ ಸ್ಪಿಟ್‌ಫೈರ್, ಮಸ್ಟಾಂಗ್, ಲ್ಯಾಂಕಾಸ್ಟರ್ ಇವತ್ತೂ ಹಾರುತ್ತಿವೆ.

ಪೆಟ್ರೋಲಿನ ಬಗ್ಗೆ ಒಂದು ಮಾತು ಬಾಕಿ ಇದೆ. ಬೆಲೆಗಿಂತ ಸಿಗುವುದೇ ಕಷ್ಟವಾಗುವುದುಂಟು. ಈ ಹಳೆ ಪಿಸ್ಟನ್ ಎಂಜಿನ್‌ಗಳಿಗೆ ಬೇಕಾದ್ದು ಎವಿಗ್ಯಾಸ್, ಜೆಟ್ ವಿಮಾನದ ಸೀಮೆಎಣ್ಣೆಯಂಥ ಇಂಧನ ಅಲ್ಲ. ಭಾರತ ಇದನ್ನು ಹೊರದೇಶದಿಂದ ತರಿಸುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಗುಜರಾತಿನ ತನ್ನ ರಿಫೈನರಿಯಲ್ಲಿ ತಯಾರಿಸಿ ಬಿಡುಗಡೆ ಮಾಡಿತು. ಆದರೂ ಎಲ್ಲ ವಿಮಾನ ನಿಲ್ದಾಣಗಳಲ್ಲಿ ಸಿಗುವ ವಸ್ತು ಅಲ್ಲ ಅದು. ಡಕೋಟದಂಥದ್ದು ದೂರದ ಊರಿಗೆ ಹೋಗಬೇಕೆಂದರೆ ಇಂಧನ ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿರಬೇಕು.

ಕೊನೆಗೆ ಮಾರುತ್. ಎಚ್‌ಎಫ್-24 ಮಾರುತ್ ಬೆಂಗಳೂರಿನಲ್ಲಿ ಹುಟ್ಟಿದ ಜೆಟ್ ಫೈಟರ್. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ನಮ್ಮ ಎಂಜಿನಿಯರ್‌ಗಳ ಜೊತೆ ಸೇರಿ ವಿನ್ಯಾಸ ಮಾಡಿದ್ದು. 1961ರ ಜೂನ್ 17ರಂದು ಮೊದಲು ಹಾರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಅದು ಮತ್ತೆ ಹಾರುವುದನ್ನು ನೋಡಬೇಕೆಂಬ ಆಸೆ ನನಗೂ ಇದೆ. ಆದರೂ ನಿಮಗೆ ನೇರವಾಗಿ ಹೇಳಬೇಕು. ಆಗುವ ಮಾತಲ್ಲ.

ತಯಾರಾದದ್ದೇ 147. ಎರಡು ಆರ್ಫಿಯಸ್ 703 ಎಂಜಿನ್ ಬೇಕು. ಎಜೆಕ್ಷನ್ ಸೀಟ್ ಇದೆ. ಜೊತೆಗೆ ವಲ್ಕನ್‌ಗೆ ಬೇಕಾದ ಹಾಗೆ ವಿನ್ಯಾಸದ ಹೊಣೆ ಹೊರುವ ತಂಡ ಬೇಕು. ಅದನ್ನು ವಿನ್ಯಾಸ ಮಾಡಿದವರಲ್ಲಿ, ಜೋಡಿಸಿದವರಲ್ಲಿ, ಹಾರಿಸಿದವರಲ್ಲಿ ಇವತ್ತು ಎಷ್ಟು ಜನ ಇದ್ದಾರು? ಬಯಲಿನಲ್ಲಿ, ಕಂಬದ ಮೇಲೆ ವರ್ಷಗಟ್ಟಲೆ ನಿಂತ ಮೈಯಲ್ಲಿ ತುಕ್ಕು ಎಲ್ಲೆಲ್ಲಿ ಹೊಕ್ಕಿದೆ ಎಂದು ಹೇಳುವುದೇ ಕಷ್ಟ. ವಲ್ಕನ್ ನಿವೃತ್ತಿಯಾದ ದಿನದಿಂದಲೇ ಅದನ್ನು ಹಾರುವಂತೆ ಕಾಪಾಡಿಕೊಂಡು ಬರಲು ಒಂದು ಗುಂಪು ಇತ್ತು. ಬಿಡಿಭಾಗಗಳ ರಾಶಿ ಇತ್ತು. ಅಷ್ಟಿದ್ದೂ ಮತ್ತೆ ಹಾರಲು ಹದಿನಾಲ್ಕು ವರ್ಷ ಬೇಕಾಯಿತು. ಮಾರುತ್‌ಗೆ ಅಂಥ ಕಾವಲು ಯಾವತ್ತೂ ಇರಲಿಲ್ಲ. ಯಾರಾದರೂ ನೂರಾರು ಕೋಟಿ ತಂದು ಸುರಿದರೂ, ಅದನ್ನು ಹಾರಿಸಿ ಎಂದು ನಾನು ಹೇಳುವುದಿಲ್ಲ. ಆ ದುಡ್ಡಿನಲ್ಲಿ ಸ್ವಲ್ಪವನ್ನು ಉಳಿದಿರುವ ಮಾರುತ್‌ಗಳಿಗೆ ಸೂರು ಕಟ್ಟಿಸಲು ಬಳಸಲಿ.

ಎಚ್‌ಟಿ-2 ಮಾತು ಬೇರೆ. ನೀವು ಮ್ಯೂಸಿಯಂನಲ್ಲಿ ನೋಡಿದ ಆ ಪುಟ್ಟ ತರಬೇತಿ ವಿಮಾನ. ವಿ. ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ್ದು, 1951ರಲ್ಲಿ ಮೊದಲು ಹಾರಿದ್ದು. ಒಂದೇ ಎಂಜಿನ್, ಸಿರಸ್ ಮೇಜರ್, 155 ಕುದುರೆಶಕ್ತಿ. ಎಜೆಕ್ಷನ್ ಸೀಟ್ ಇಲ್ಲ, ಜೆಟ್ ಇಲ್ಲ, ಗೊಂದಲದ ಹೈಡ್ರಾಲಿಕ್ ಇಲ್ಲ. ಪೆಟ್ರೋಲಿನ ಖರ್ಚು ಮಸ್ಟಾಂಗ್‌ನ ಎದುರು ಏನೇನೂ ಅಲ್ಲ. ಒಬ್ಬ ಒಳ್ಳೆಯ ಎಂಜಿನಿಯರ್, ಇಬ್ಬರು ಮೆಕ್ಯಾನಿಕ್, ಒಂದು ಒಣ ಹ್ಯಾಂಗರ್ ಇದ್ದರೆ ನಿಭಾಯಿಸಬಹುದು. ವರ್ಷದ ಖರ್ಚು ಕೋಟಿಗಳ ಲೆಕ್ಕ ಬಿಟ್ಟು ಲಕ್ಷಗಳ ಲೆಕ್ಕಕ್ಕೆ ಬರುತ್ತದೆ. ನಮ್ಮದೇ ವಿನ್ಯಾಸದ ಹಳೆ ವಿಮಾನವೊಂದು ಬೆಂಗಳೂರಿನ ಮೇಲೆ ಹಾರುತ್ತಾ ಇರಬೇಕು ಎಂದು ಯಾರಾದರೂ ನಿಜವಾಗಿ ಮನಸ್ಸು ಮಾಡಿದರೆ ನನ್ನ ಓಟು ಇದಕ್ಕೇ. ಹಾಗೆ ಹೊರಟವರು ಮೊದಲು ಸಿರಸ್ ಎಂಜಿನ್‌ನ ಬಿಡಿಭಾಗಗಳು ಎಲ್ಲೆಲ್ಲಿ, ಯಾರ್ಯಾರ ಹತ್ತಿರ, ಯಾವ ಕಾಗದದ ಜೊತೆ ಇವೆ ಎಂದು ಪಟ್ಟಿ ಮಾಡಲಿ. ಆಮೇಲೆ ಮೂರು ವರ್ಷದ ಸಂಬಳದ ಹಣ ಬ್ಯಾಂಕಿನಲ್ಲಿಡಲಿ. ವಿಮಾನವನ್ನು ಬಿಚ್ಚುವ ಕೆಲಸ ಇವೆರಡೂ ಆದ ಮೇಲೆ ಶುರುವಾಗಲಿ.